ಸೊನ್ನೆಗೆ ಮದ್ದಿಲ್ಲ

ಏಪ್ರಿಲ್ ೬

ಅಣ್ಣನಿಗೆ ತಂಗಿಯ ನಮಸ್ಕಾರ.

ನನ್ನ ಅಕ್ಷರ ಕಂಡ ಕೂಡಲೇ ಕಾಗದವನ್ನು ಒಲೆಗೆ ಹಾಕಬೇಡ. ಅತ್ತಿಗೆಯ ಕೈಗೆ ಕೊಡು. ಅವರು ಗಟ್ಟಿಯಾಗಿ ಓದಲಿ, ನೀನು ಕೇಳಿಸದವನ ಹಾಗೆ ಕೂತಿರು. ಅಷ್ಟಾದರೆ ಸಾಕು.

ನಾನು ಮನೆ ಬಿಟ್ಟು ಈ ಜಾನುವಾರು ಸಮೀಕ್ಷೆ ಕಚೇರಿಗೆ ಸೇರಿ ಎರಡು ವರ್ಷವಾಗುತ್ತ ಬಂತು. ಇಲ್ಲಿ ಏನು ಮಾಡುತ್ತೇನೆ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಉದ್ದನೆಯ ಕೋಣೆ, ಕಿರುಗುಟ್ಟುವ ಫ್ಯಾನು, ಕಿಟಕಿಯಾಚೆ ಬಸ್ಸು ತೊಳೆಯುವ ಜಾಗ. ದನ ಒಬ್ಬರ ಮೇಜಿಗೆ, ಕೋಳಿ ಇನ್ನೊಬ್ಬರಿಗೆ. ನನ್ನ ಮೇಜಿಗೆ ಕುರಿ, ಮೇಕೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರಲ್ಲ, ಹಾಗೆ ಆಡಿನ ಕಾಗದ ಮುಟ್ಟದ ಜಾಗ ನನ್ನ ಮೇಜಿನ ಮೇಲಿಲ್ಲ.

ಪ್ರತಿವರ್ಷ ಕೆಲವು ದೊಡ್ಡಿಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಪ್ರಶ್ನೆಗಳ ಹಾಳೆ ಕಳಿಸುತ್ತೇವೆ. ಈಯುವ ಕುರಿ ಎಷ್ಟು, ಟಗರು ಎಷ್ಟು, ಹುಟ್ಟಿದ ಮರಿ ಎಷ್ಟು, ಉಳಿದದ್ದೆಷ್ಟು, ಹೋದದ್ದೆಷ್ಟು, ಯಾತಕ್ಕೆ ಹೋಯಿತು. ಈ ಸಲ ನಿನ್ನ ದೊಡ್ಡಿಯೂ ಬಂದಿದೆ. ನನ್ನ ಕೈವಾಡ ಇದರಲ್ಲಿ ಇಲ್ಲ, ದೇವರಾಣೆ. ನಿನ್ನ ಹಾಳೆ ನಿನ್ನೆ ವಾಪಸು ಬಂತು. ಎಲ್ಲ ಕಾಲಮ್ಮೂ ಖಾಲಿ. ಅಡ್ಡಲಾಗಿ ದಪ್ಪಕ್ಷರದಲ್ಲಿ, "ಕುರಿಗಳಿವೆ. ಚೆನ್ನಾಗಿವೆ. ನಿಮಗ್ಯಾಕೆ ಅದರ ಉಸಾಬರಿ?"

ನಮ್ಮ ಮೇಡಂ ಓದಿ ಬಿದ್ದುಬಿದ್ದು ನಕ್ಕರು. "ಮೂರೇ ಮಾತಲ್ಲಿ ಇಡೀ ಇಲಾಖೆ ಬಾಯಿ ಮುಚ್ಚಿಸಿದಾನೆ ನೋಡಿ!" ನನಗೂ ನಗು ಬಂತು. ಆಮೇಲೆ ಆ ಹಾಳೆಯನ್ನು ಬೇರೆಯವರ ಮೇಜಿಗೆ ಕೊಡಿ ಎಂದು ಕೇಳಿಕೊಂಡೆ. ನೆಂಟರ ಹಾಳೆಯನ್ನು ನಾವು ಮುಟ್ಟುವಂತಿಲ್ಲ. ಇನ್ನು ಮುಂದೆ ನೀನು ಏನು ಬರೆದರೂ ನನ್ನ ಕಣ್ಣಿಗೆ ಬೀಳುವುದಿಲ್ಲ. ಇದೂ ಕಚೇರಿಯ ಕಾಗದವಲ್ಲ, ಮನೆಯ ಕಾಗದ.

ಅನ್ನ ಬೆಂದಿದೆಯೋ ಎಂದು ನೋಡಲು ಪಾತ್ರೆಯೆಲ್ಲ ಬಗ್ಗಿಸುತ್ತೇವೆಯೇ? ಒಂದು ಅಗುಳು ಹಿಸುಕಿದರೆ ಸಾಕು. ಆದರೆ ಅಗುಳೇ ಸುಳ್ಳು ಹೇಳಿದರೆ ಇಡೀ ಪಾತ್ರೆ ಕೆಡುತ್ತದೆ. ನಿನ್ನ ಒಂದು ಹಾಳೆ ನಿನ್ನಂಥ ಎಷ್ಟೋ ಜನರ ಪರವಾಗಿ ಮಾತಾಡುತ್ತದೆ, ಅಣ್ಣಾ. ಯೋಚನೆ ಮಾಡು.

ಈ ಸಲ ಮರಿಗಳು ಹೇಗಿವೆ?

ನಿನ್ನ ತಂಗಿ


ಏಪ್ರಿಲ್ ೨೧

ಚೂಟಿಗೆ ಆಶೀರ್ವಾದ.

ಕಾಗದ ಒಲೆಗೆ ಹಾಕಲಿಲ್ಲ. ಒಲೆ ಆರಿತ್ತು.

ಅನ್ನ, ಅಗುಳು ಎಲ್ಲ ನನಗೆ ಬೇಡ. ನೀನು ಆಗ ಸಣ್ಣವಳು, ನಿನಗೆ ನೆನಪಿರಲಿಕ್ಕಿಲ್ಲ. ಇಬ್ಬರು ಬಂದಿದ್ದರು, ಚೀಲ ಹೆಗಲಿಗೆ ಹಾಕಿಕೊಂಡು. ಅಮ್ಮ ಮಜ್ಜಿಗೆ ಕೊಟ್ಟಳು. ಅಪ್ಪ ಹಿಂಡನ್ನು ತಾನೇ ಮುಂದೆ ನಿಂತು ಎಣಿಸಿಕೊಟ್ಟ, ಜಂಬದಿಂದ. ಮರುವರ್ಷ ಮೇಲಿನ ಗುಡ್ಡಕ್ಕೆ ಬೇಲಿ ಬಿತ್ತು. ಇಷ್ಟು ಕುರಿ ಇದ್ದರೆ ಗುಡ್ಡ ಬೋಳಾಗುತ್ತದಂತೆ. ಅಂದಿನಿಂದ ಯಾರು ಕೇಳಿದರೂ ಅಪ್ಪನ ಬಾಯಲ್ಲಿ ಒಂದೇ ಉತ್ತರ. "ಎಷ್ಟು ಕುರಿ ಇದೆ ಯಜಮಾನ್ರೇ?" "ಒಂದು ಹಿಂಡು." ಸಾಯುವವರೆಗೂ ಅಷ್ಟೇ.

ಅಂಥ ಅಪ್ಪನ ಮಗಳು ಎಣಿಸುವವರ ಸಾಲಿಗೇ ಹೋಗಿ ಕೂತಳು. ಅದು ನಿನ್ನಿಷ್ಟ. ಹೋಗುವಾಗ ನಾನು ತಡೆಯಲಿಲ್ಲ, ಈಗಲೂ ಏನೂ ಹೇಳುವುದಿಲ್ಲ.

ಮರಿಗಳು ಚೆನ್ನಾಗಿವೆ. ನೀನಿಲ್ಲದೆ ಇಲ್ಲಿ ಯಾವುದೂ ನಿಂತಿಲ್ಲ.

ಅಣ್ಣ


ಮೇ ೪

ಪ್ರೀತಿಯ ಚೂಟಿ,

ಅತ್ತಿಗೆಯ ಆಶೀರ್ವಾದ. ನಿಮ್ಮಣ್ಣ ಮಂದೆ ಹೊಡೆದುಕೊಂಡು ಹೋಗಿದ್ದಾರೆ, ಅದಕ್ಕೇ ಈಗ ಬರೆಯುತ್ತಿದ್ದೇನೆ. ನಾನು ಬರೆದದ್ದು ಅವರಿಗೆ ತಿಳಿಯಬಾರದು. ನೀನು ಉತ್ತರ ಬರೆಯುವುದಾದರೆ ಸೊಸೈಟಿಯ ವಿಳಾಸಕ್ಕೆ ಬರೆ, ಅಲ್ಲಿನ ಗುಮಾಸ್ತೆ ನನ್ನ ಗೆಳತಿ.

ವಿಷಯ ನಮ್ಮದಲ್ಲ, ಪಕ್ಕದವರದು. ಪಾಪ, ಅವರ ದೊಡ್ಡಿಯಲ್ಲಿ ಹೋದ ವರ್ಷದಿಂದ ಮರಿಗಳು ಸರಿಯಾಗಿ ಹುಟ್ಟುತ್ತಿಲ್ಲ. ಕೆಲವು ಸತ್ತೇ ಹುಟ್ಟುತ್ತವೆ. ಜೀವ ಇದ್ದವು ಎದ್ದು ನಿಲ್ಲುವುದಿಲ್ಲ, ಮೊಲೆಗೆ ಬಾಯಿ ಹಾಕುವ ಶಕ್ತಿಯೂ ಇರುವುದಿಲ್ಲ. ಮೈಮೇಲೆ ತುಪ್ಪಟವೇ ಇಲ್ಲ, ಬೋಳು ಬೋಳು. ಗಂಟಲ ಕೆಳಗೆ ಒಂದು ಗಂಟು, ನಿಂಬೆಹಣ್ಣಿನಷ್ಟು. ತಾಯಿ ನೆಕ್ಕುತ್ತಲೇ ಇರುತ್ತದೆ, ಮರಿ ತಣ್ಣಗಾಗುತ್ತಲೇ ಇರುತ್ತದೆ. ನೋಡುವುದಕ್ಕಾಗುವುದಿಲ್ಲ, ಚೂಟಿ.

ನಾನು ಅಂದೆ, "ಡಾಕ್ಟರನ್ನ ಕರೆಸಬಾರದಾ?" ಅದಕ್ಕೆ ನಿಮ್ಮಣ್ಣ, ಅಲ್ಲ, ಆ ಪಕ್ಕದವರು ಹೇಳಿದರು, "ಡಾಕ್ಟರ ಬೈಕು ದೊಡ್ಡಿ ಮುಂದೆ ನಿಂತರೆ ಊರಿಗೇ ಡಂಗುರ ಹೊಡೆದ ಹಾಗೆ." ಅವರ ಮನೆಯ ಟಗರುಗಳು ಅವರಪ್ಪನ ಕಾಲದಿಂದ ಹೆಸರಾದವು. ಸುತ್ತಲಿನ ಎಲ್ಲ ಹಿಂಡಿಗೂ ಅಲ್ಲಿಂದಲೇ ಟಗರು ಹೋಗುತ್ತದೆ. ತಳಿಯಲ್ಲೇ ದೋಷ ಬಂತೇನೋ ಎಂದು ಅವರಿಗೆ ಒಳಗೊಳಗೇ ಕೊರಗು. ಸತ್ತ ಮರಿಯನ್ನು ಯಾರೂ ಏಳುವ ಮೊದಲೇ ಹಿತ್ತಲಲ್ಲಿ ಹೂತು ಬರುತ್ತಾರೆ. ಆಮೇಲೆ ಕೈ ತೊಳೆಯುತ್ತ ನಿಂತರೆ ನಿಂತೇ ಇರುತ್ತಾರೆ. ಒಂದು ದಿನ ಊಟಕ್ಕೆ ಕೂತವರು ತಟ್ಟೆ ಮುಂದೆ ಇಟ್ಟುಕೊಂಡು, "ಅಪ್ಪ ಇದ್ದಿದ್ರೆ ನನ್ನ ಮುಖ ನೋಡ್ತಿರ್ಲಿಲ್ಲ" ಅಂದರು.

ನಿನ್ನ ಕಚೇರಿಯಲ್ಲಿ ತಿಳಿದವರು ಇರುತ್ತಾರಲ್ಲ, ಪಕ್ಕದವರಿಗಾಗಿ ಒಂದು ಮಾತು ಕೇಳು.

ನಿನ್ನ ಅತ್ತಿಗೆ


ಮೇ ೧೫

ಅತ್ತಿಗೆಗೆ ನಮಸ್ಕಾರಗಳು.

ಪಕ್ಕದವರ ಸುದ್ದಿ ಓದಿ ನನಗೂ ಅನ್ನ ಸೇರಲಿಲ್ಲ. ಆ ಪಕ್ಕದವರು ಎಂಥ ಹಟಮಾರಿ ಎಂದು ನನಗೆ ಚೆನ್ನಾಗಿ ಗೊತ್ತು, ಅದಕ್ಕೇ.

ನಮ್ಮ ಮಹಡಿಯಲ್ಲೇ ಒಬ್ಬ ಪಶುವೈದ್ಯರು ಕೂರುತ್ತಾರೆ. ಊರು, ಹೆಸರು ಹೇಳದೆ ಅವರನ್ನು ಕೇಳಿದೆ. ಅವರು ಪೆನ್ನು ಕೆಳಗಿಟ್ಟು ಹೇಳಿದ್ದು ಇಷ್ಟು: "ಸೋಂಕು ಇರಬಹುದು, ಮೇವಿನ ದೋಷ ಇರಬಹುದು, ಮಣ್ಣಲ್ಲೇ ಏನೋ ಕೊರತೆ ಇರಬಹುದು. ಒಂದೇ ದೊಡ್ಡೀಲಿ ಆದರೆ ಟಗರಿನ ಮೇಲೂ ಅನುಮಾನ ಪಡಬೇಕು. ಬೇರೆ ಬೇರೆ ಟಗರು ಇರೋ ಹತ್ತಾರು ದೊಡ್ಡೀಲಿ ಆಗ್ತಿದ್ರೆ ಟಗರು ಪಾಪದ್ದು. ಎಲ್ಲೆಲ್ಲಿ ಆಗ್ತಿದೆ ಅಂತ ಗೊತ್ತಾಗದೆ ಲ್ಯಾಬಿನವರನ್ನ ಎಲ್ಲಿಗೆ ಅಂತ ಕಳಿಸಲಿ?"

ನಾನು ಹೋದ ವರ್ಷದ ವರದಿ ತೆಗೆದು ನೋಡಿದೆ. ಅದು ಅಚ್ಚಾದ ಪುಸ್ತಕ, ಗುಟ್ಟೇನಲ್ಲ. ನಿಮ್ಮ ಕಡೆಯ ಗುಡ್ಡಸಾಲಿನ ಮುಂದೆ, ಹುಟ್ಟುವಾಗ ಸತ್ತ ಮರಿಗಳು ಎಂಬಲ್ಲಿ, ಹೆಚ್ಚುಕಡಿಮೆ ಎಲ್ಲ ಸೊನ್ನೆ. ಕುರಿ ಸಾಕಿದ ಮನೆಯಲ್ಲಿ ಹುಟ್ಟಿದವಳು ನಾನು. ಒಂದು ಮರಿಯೂ ಸಾಯದ ವರ್ಷ ಎಲ್ಲಿಯಾದರೂ ಇರುತ್ತದೆಯೇ? ಎಲ್ಲರೂ ಮಾನಕ್ಕೆ ಅಂಜಿ ಸೊನ್ನೆ ಸುತ್ತಿದ್ದಾರೆ. ಸೊನ್ನೆಯನ್ನು ನೋಡಿ ಯಾರು ತಾನೆ ವೈದ್ಯರನ್ನು ಕಳಿಸುತ್ತಾರೆ? ಸೊನ್ನೆಗೆ ಮದ್ದಿಲ್ಲ, ಅತ್ತಿಗೆ.

ಕೊಳ್ಳುವ ವ್ಯಾಪಾರಿಗೆ ಎಲ್ಲಿ ಎಷ್ಟು ಮರಿ ಇದೆ ಎಂದು ಹೇಗೋ ಗೊತ್ತಿರುತ್ತದೆ, ಅವನು ಸುತ್ತುತ್ತಾನೆ, ನೋಡುತ್ತಾನೆ. ಸಾಕುವವರಿಗೆ ಮಾತ್ರ ತಮ್ಮ ಬೇಲಿಯಾಚೆ ಏನಾಗಿದೆ ತಿಳಿಯುವುದಿಲ್ಲ. ನಮ್ಮ ವರದಿ ಇರುವುದು ಅದಕ್ಕೇ. ಪಕ್ಕದವರಿಗೆ ಇದನ್ನು ನೀವೇ ಉಪಾಯವಾಗಿ ಹೇಳಿ. ನನ್ನ ಹೆಸರು ಬೇಡ, ಹೆಸರು ಕೇಳಿದರೆ ಆಗುವ ಕೆಲಸವೂ ಕೆಡುತ್ತದೆ.

ನಿಮ್ಮ ನಾದಿನಿ


ಜುಲೈ ೯

ಅಣ್ಣನಿಗೆ ನಮಸ್ಕಾರ.

ನಿನ್ನಿಂದ ಕಾಗದವಿಲ್ಲ. ಇರಲಿ, ನಾನೇ ಬರೆಯುತ್ತೇನೆ.

ಹಾಳೆ ವಾಪಸು ಬಾರದ ಕಡೆಗೆಲ್ಲ ನಾವೇ ಹೋಗಿ ಕೇಳಬೇಕೆಂದು ಮೇಡಂ ಹೇಳಿದ್ದರಿಂದ ನಾನೀಗ ಹಳ್ಳಿ ಸುತ್ತುತ್ತಿದ್ದೇನೆ. ನಿನ್ನ ಕಡೆಗಲ್ಲ, ಗಾಬರಿಯಾಗಬೇಡ. ನಾಯಿಗಳು ನನ್ನನ್ನು ಬೊಗಳಿ ಸುಸ್ತಾಗಿ ಈಗ ಬಾಲ ಆಡಿಸುತ್ತವೆ. ಜನ ಇನ್ನೂ ಬೊಗಳುತ್ತಾರೆ. ಒಬ್ಬ ಯಜಮಾನರು ನನ್ನನ್ನು ಕಂಡ ಕೂಡಲೇ ಅರ್ಧ ಹಿಂಡನ್ನು ಹಿತ್ತಲ ಬಾಗಿಲಿಂದ ಹೊರಗೆ ಅಟ್ಟಿದರು. ನಾವು ಮಾತಾಡುತ್ತ ಕೂತಿದ್ದಾಗ ಆ ಅರ್ಧ ಹಿಂಡು ಮನೆ ಸುತ್ತಿಕೊಂಡು ಮುಂಬಾಗಿಲಿಂದ ಒಳಗೆ ಬಂತು. ಇಬ್ಬರೂ ನಗದೆ ಇರಲಾಗಲಿಲ್ಲ. ಆಮೇಲೆ ಅವರು ಸರಿಯಾದ ಲೆಕ್ಕ ಕೊಟ್ಟರು.

ಗುಡ್ಡದ ತುದಿಯಲ್ಲಿ ಮೇಕೆ ಸಾಕುವ ಒಬ್ಬ ಅಜ್ಜಿ ಸಿಕ್ಕರು. ಹಲ್ಲಿಲ್ಲ, ಆದರೆ ಮಾತು ಕಚ್ಚುವಂಥದ್ದು. "ಅಜ್ಜಿ, ಉತ್ತರ ಹೇಳೋದಕ್ಕೆ ನಿಮಗೆ ಭಯ ಇಲ್ವಾ?" ಎಂದೆ. "ನನ್ನ ಮೇಕೆ ಕಷ್ಟ ನಾನು ಹೇಳದೆ ಇನ್ಯಾರು ಹೇಳ್ತಾರೆ? ಮೇಕೆ ಬಂದು ಹೇಳತ್ತಾ ನಿಂಗೆ?" ಎಂದರು. ಹಿತ್ತಲಿಗೆ ಕರೆದುಕೊಂಡು ಹೋಗಿ ಎಲ್ಲ ತೋರಿಸಿದರು.

ಆ ಎಣಿಸುವವರಿಂದ ಗುಡ್ಡಕ್ಕೆ ಬೇಲಿ ಬಿತ್ತು ಎಂದು ಬರೆದಿದ್ದೀಯಲ್ಲ. ಅದು ನಮ್ಮ ಕಚೇರಿಯವರಲ್ಲ ಎಂದು ಬರೆದುಬಿಡುವುದು ಸುಲಭ. ಆದರೆ ಅವರು ಯಾರೋ ನನಗೆ ಗೊತ್ತಿಲ್ಲ. ಗೊತ್ತಿರುವುದು ಈಗಿನ ಕಾಯಿದೆ ಮಾತ್ರ: ಒಬ್ಬರ ಹಾಳೆಯನ್ನು ಬೇಲಿ ಹಾಕುವವರಿಗಾಗಲಿ, ಕಂದಾಯ ಕೇಳುವವರಿಗಾಗಲಿ, ಯಾರಿಗೇ ಆಗಲಿ ತೋರಿಸುವಂತಿಲ್ಲ. ತೋರಿಸಿದರೆ ನನಗೆ ಜೈಲು.

ನಿನ್ನ ತಂಗಿ


ಜುಲೈ ೨೦

ಚೂಟಿ,

ಹಿತ್ತಲಿನಲ್ಲಿ ಆ ಅಜ್ಜಿ ಏನು ತೋರಿಸಿದರು? ಅಲ್ಲೂ ಮರಿಗಳು ಗಂಟಲಲ್ಲಿ ಗಂಟು ಇಟ್ಟುಕೊಂಡು ಹುಟ್ಟುತ್ತಿವೆಯಾ?

ಹೌದು ಅಥವಾ ಇಲ್ಲ. ಅಷ್ಟು ಬರೆ, ಸಾಕು. ಒಡಹುಟ್ಟಿದವನು ಕೇಳುತ್ತಿದ್ದೇನೆ.

ಅಣ್ಣ


ಆಗಸ್ಟ್ ೨

ಅಣ್ಣಾ,

ಈ ಕಾಗದವನ್ನು ಎಷ್ಟು ಸಲ ಬರೆದು ಹರಿದೆನೋ ಲೆಕ್ಕವಿಲ್ಲ.

ನೀನು ಕೇಳಿದ್ದು ಒಂದೇ ಮಾತು. ಅಪ್ಪ ಹೋದ ಮೇಲೆ ನೀನು ನನ್ನನ್ನು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಇದೇ ಮೊದಲು. ನನ್ನ ಕಾಲೇಜಿನ ಖರ್ಚಿಗೆಂದು ನೀನು ನಿನ್ನ ಪ್ರೀತಿಯ ಟಗರನ್ನು ಮಾರಿದ್ದು, ಅದನ್ನು ನನ್ನೆದುರು ಒಮ್ಮೆಯೂ ಎತ್ತಿ ಆಡದೆ ಇದ್ದದ್ದು, ಎಲ್ಲ ಕಣ್ಣ ಮುಂದೆ ಬಂತು.

ಆದರೂ ಹೇಳಲಾರೆ. ಹೌದು ಎಂದೂ ಬರೆಯಲಾರೆ, ಇಲ್ಲ ಎಂದೂ ಬರೆಯಲಾರೆ. ಆ ಅಜ್ಜಿ ಯಾವ ಊರಿನವರು ಎಂದೂ ಹೇಳಲಾರೆ. ಅವರು ತಮ್ಮ ಹಿತ್ತಲ ಬಾಗಿಲು ತೆಗೆದದ್ದು ನನ್ನ ಮುಖ ನೋಡಿ. ಆ ಬಾಗಿಲನ್ನು ನಾನು ಇನ್ನೊಬ್ಬರಿಗೆ, ಅದು ನೀನೇ ಆಗಿರಲಿ, ತೆರೆಯುವಂತಿಲ್ಲ. ಇವತ್ತು ನಿನಗಾಗಿ ಅವರ ಮಾತು ಹೇಳಿದರೆ, ನಾಳೆ ಇನ್ಯಾರಿಗಾಗಿಯೋ ನಿನ್ನ ಮಾತು ಹೇಳುತ್ತೇನೆ.

ವರದಿ ಅಚ್ಚಾದ ದಿನ ಎಲ್ಲರಿಗೂ ಒಟ್ಟಿಗೇ ತಿಳಿಯುತ್ತದೆ. ಅಲ್ಲಿಯವರೆಗೆ ನನ್ನ ಮೇಲೆ ಕೋಪ ಮಾಡಿಕೊಳ್ಳುವುದಾದರೆ ಮಾಡಿಕೋ. ನನಗೆ ಬೇಜಾರಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ತಂಗಿ


ಸೆಪ್ಟೆಂಬರ್ ೧೧

ಚೂಟಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದ ದಿನ ನನಗೆ ಕೆಂಡದಂಥ ಕೋಪ ಬಂದಿತ್ತು. "ನೋಡು ನಿನ್ನ ನಾದಿನೀನ! ಅಣ್ಣನಿಗೆ ಒಂದು ಮಾತು ಹೇಳೋಕೆ ಇವಳಿಗೆ ಕಾಯಿದೆ ಅಡ್ಡ ಬಂತಂತೆ" ಎಂದು ನಿನ್ನತ್ತಿಗೆಯ ಮೇಲೆ ಹಾರಾಡಿದೆ. ಅವಳು ಬಟ್ಟೆ ಹಿಂಡುತ್ತಿದ್ದವಳು ತಲೆ ಎತ್ತದೆ, "ಒಡಹುಟ್ಟಿದವನಿಗೇ ಬಾಯಿ ಬಿಡದವಳು ಊರವರಿಗೆ ಬಿಡ್ತಾಳಾ?" ಎಂದಳು. ಅಷ್ಟು ಹೇಳಿ ಬಟ್ಟೆ ಹರವಲು ಹೋದಳು.

ನಾನು ಮಂದೆಯ ಹಿಂದೆ ನಡೆಯುತ್ತ ಅದನ್ನೇ ಮೆಲುಕು ಹಾಕಿದೆ, ಕುರಿಯ ಹಾಗೆ. ಎಷ್ಟು ಹಾಕಿದರೂ ಅವಳ ಮಾತಿನಲ್ಲಿ ತಪ್ಪು ಸಿಗಲಿಲ್ಲ.

ಹೋದ ವಾರ ನಿಮ್ಮ ಕಚೇರಿಯಿಂದ ಒಬ್ಬರು ಬಂದರು, ಕನ್ನಡಕದವರು, ಸಣ್ಣ ದನಿ. ಅವರನ್ನು ದೊಡ್ಡಿಯೊಳಗೆ ಕರೆದೆ. ಎಣಿಸಿಕೊಟ್ಟೆ. ಹಿತ್ತಲಿಗೂ ಕರೆದುಕೊಂಡು ಹೋದೆ. ಅಲ್ಲಿ ಮಣ್ಣು ಇನ್ನೂ ಸರಿಯಾಗಿ ಕೂತಿಲ್ಲ. ಅವರು ಪೆನ್ನು ತೆಗೆದರು. ನಾನೇ ಹೇಳಿದೆ, "ಮೂರು ಮರಿ ಹುಟ್ಟಿದ್ರೆ ಒಂದು ಇಲ್ಲಿಗೆ ಬಂದಿದೆ. ಬರ್ಕೊಳ್ಳಿ." ಬರೆದುಕೊಂಡರು.

ನೀನು ಆ ಹಾಳೆ ನೋಡುವುದಿಲ್ಲವಲ್ಲ, ಅದಕ್ಕೇ ಬರೆದೆ. ಪಕ್ಕದವರ ವಿಷಯ ನಿನಗೆ ಮೊದಲೇ ಗೊತ್ತು ಎಂಬುದೂ ನನಗೆ ಗೊತ್ತು. ಸೊಸೈಟಿಯ ಗುಮಾಸ್ತೆ ನಿನ್ನತ್ತಿಗೆಯ ಗೆಳತಿ ಮಾತ್ರವಲ್ಲ, ನನ್ನ ಹತ್ತಿರ ಉಣ್ಣೆ ತೂಗುವವಳೂ ಅವಳೇ.

ಅಣ್ಣ


ಅಕ್ಟೋಬರ್ ೩

ಪ್ರೀತಿಯ ಚೂಟಿ,

ನಿನ್ನೆ ಟಗರು ಮಾರುಕಟ್ಟೆ ಇತ್ತು. ಅಲ್ಲಿ ಆದದ್ದನ್ನು ನಿಮ್ಮಣ್ಣ ನಿನಗೆ ಬರೆಯುವುದಿಲ್ಲ, ಅವರ ಜಾಯಮಾನವೇ ಅಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ನಾನು ಬರೆಯುತ್ತೇನೆ.

ಈ ವರ್ಷ ಕರೆದುಕೊಂಡು ಹೋದದ್ದು ನಾಲ್ಕು ಟಗರು. ಮೈ ತೊಳೆದು, ಗೊರಸು ಕತ್ತರಿಸಿ, ನೋಡಿದವರು ನಿಂತು ನೋಡಬೇಕು, ಹಾಗಿದ್ದವು. ಕಟಕಟೆಯ ಹತ್ತಿರ ಜನ ಸೇರಿದರು. ಕೆಳಗಿನ ದೊಡ್ಡಿಯ ಮೀಸೆಯವರು ನೆನಪಿದೆಯಲ್ಲ, ನಿಮ್ಮಪ್ಪನ ಕಾಲದ ಗಿರಾಕಿ, ನಿಮ್ಮಣ್ಣನ ಜೊತೆ ಜಗಳವಾಡದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಅವರೇ ಮುಂದೆ ಬಂದು ಟಗರಿನ ಬೆನ್ನು ತಡವಿ, "ಏನಯ್ಯ, ಈ ಸಲ ಮಾಲು ಭಾರಿ ಇದೆ" ಎಂದರು.

ನಿಮ್ಮಣ್ಣ ಹಗ್ಗವನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಮುಟ್ಟೋ ಮೊದಲು ಒಂದು ಮಾತು ಕೇಳಿ. ನನ್ನ ದೊಡ್ಡೀಲಿ ಎರಡು ವರ್ಷದಿಂದ ಮರಿ ಸಾಯ್ತಿವೆ. ಗಂಟಲಲ್ಲಿ ಗಂಟು, ಮೈಮೇಲೆ ಕೂದಲಿಲ್ಲ. ಟಗರಿನ ದೋಷ ಇರಬಹುದು, ಇಲ್ಲದೇನೂ ಇರಬಹುದು. ನಂಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಮುಚ್ಚಿಟ್ಟು ಮಾರೋದು ನನ್ನ ಕೈಲಾಗಲ್ಲ."

ಹಿಂದಿನಿಂದ ಯಾರೋ, "ಅಪ್ಪ ಕಟ್ಟಿದ ಹೆಸರಿಗೆ ಮಗ ಮಸಿ ಬಳಿದ" ಎಂದು ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಿಮ್ಮಣ್ಣ ಕದಲಲಿಲ್ಲ.

ಮೀಸೆಯವರು ಟಗರಿನ ಬೆನ್ನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಕೊನೆಗೆ ದನಿ ತಗ್ಗಿಸಿ, "ನಂದೂ ಅದೇ ಕತೆ ಕಣಯ್ಯ" ಎಂದರು. ಆಮೇಲೆ ಒಮ್ಮೆಲೇ ಗಟ್ಟಿಯಾಗಿ, "ಆದರೆ ನಾನು ನಿನ್ನ ಹತ್ರ ಟಗರು ತಗೊಳ್ಳದೆ ಮೂರು ವರ್ಷ ಆಯ್ತಲ್ಲ! ನದಿಯಾಚೆಯಿಂದ ತಂದಿದ್ದು ನಂದು. ಹಾಗಾದ್ರೆ ಇದು ನಿನ್ನ ಟಗರಿನ ದೋಷ ಹೇಗಾಗತ್ತೆ?"

ಅಷ್ಟೇ ನೋಡು, ಕಟ್ಟೆ ಒಡೆದ ಹಾಗೆ. ನಮ್ಮಲ್ಲೂ, ನಮ್ಮಲ್ಲೂ ಎಂದು ಒಬ್ಬರ ಮೇಲೊಬ್ಬರು ಮಾತು. ಮೇಕೆಯವರು ತಮ್ಮಲ್ಲಿ ಇನ್ನೂ ಜಾಸ್ತಿ ಎಂದರು. ನಕ್ಕಿದ್ದವನೂ ಬಂದು, ತನ್ನ ಮನೆಯಲ್ಲಿ ಹೆಂಡತಿ ಅಳುತ್ತ ಕೂತಿದ್ದಾಳೆ ಎಂದ. ಇಷ್ಟು ದಿನ ಪ್ರತಿಯೊಬ್ಬರೂ ತಮ್ಮ ತಮ್ಮ ಹಿತ್ತಲಲ್ಲಿ ಒಬ್ಬೊಬ್ಬರೇ ಗುದ್ದಲಿ ಹಿಡಿದು ನಿಂತಿದ್ದರು, ಚೂಟಿ.

ಮೀಸೆಯವರು, "ಆ ಸಮೀಕ್ಷೆ ಹಾಳೆ ನಂಗೂ ಬಂದಿತ್ತು. ಸೊನ್ನೆ ಸುತ್ತಿ ಕಳಿಸಿಬಿಟ್ಟೆ" ಎಂದರು. ಆಗ ನಿಮ್ಮಣ್ಣ ಏನೆಂದರು ಗೊತ್ತೇ? "ಸೊನ್ನೆಗೆ ಮದ್ದಿಲ್ಲ. ನನ್ನ ತಂಗಿ ಹೇಳಿದ ಮಾತು. ಅವಳು ಆ ಕಚೇರೀಲೇ ಇರೋದು. ನಾನು ಅಷ್ಟು ಗೋಗರೆದ್ರೂ ಇನ್ನೊಬ್ಬರ ಒಂದು ಗುಟ್ಟು ಬಿಟ್ಟುಕೊಡಲಿಲ್ಲ ಮಾರಾಯ. ಅಂಥ ಕಡೆ ನಿಜ ಹೇಳೋಕೆ ಏನು ಭಯ? ತಿದ್ದಿ ಬರ್ದು ಕಳ್ಸಿ ಎಲ್ರೂ." ನನ್ನ ತಂಗಿ ಎನ್ನುವಾಗ ಅವರ ಎದೆ ಎಷ್ಟು ಮುಂದೆ ಬಂದಿತ್ತೆಂದರೆ, ಅಂಗಿಯ ಗುಂಡಿ ಕಿತ್ತುಹೋಗುತ್ತದೇನೋ ಎಂದುಕೊಂಡೆ.

ಒಂದು ಟಗರೂ ಮಾರಾಟವಾಗಲಿಲ್ಲ. ನಾಲ್ಕನ್ನೂ ವಾಪಸು ಹೊಡೆದುಕೊಂಡು ಬಂದೆವು. ದಾರಿಯುದ್ದಕ್ಕೂ ಅವರು ಸಿಳ್ಳೆ ಹಾಕುತ್ತಿದ್ದರು.

ನಿನ್ನ ಅತ್ತಿಗೆ


ಡಿಸೆಂಬರ್ ೫

ಅಣ್ಣನಿಗೂ ಅತ್ತಿಗೆಗೂ ನಮಸ್ಕಾರಗಳು.

ಇವತ್ತು ಬೆಳಿಗ್ಗೆ ವರದಿ ಬಿಡುಗಡೆಯಾಯಿತು. ವ್ಯಾಪಾರಿಗಳಿಗೂ, ಉಣ್ಣೆ ಗಿರಣಿಯವರಿಗೂ, ಮಂತ್ರಿಗೂ, ನಿನಗೂ ಒಂದೇ ಹೊತ್ತಿಗೆ. ಈಗ ಬಾಯಿ ಬಿಡಬಹುದು. ಜುಲೈ ತಿಂಗಳಲ್ಲಿ ನೀನು ಕೇಳಿದ್ದಕ್ಕೆ ನನ್ನ ಉತ್ತರ: ಹೌದು, ಅಣ್ಣಾ. ಗುಡ್ಡಸಾಲಿನ ಎರಡೂ ಕಡೆ, ಹೌದು.

ಅಕ್ಟೋಬರ್ ತಿಂಗಳಲ್ಲಿ ಇಲ್ಲಿ ಏನು ನಡೆಯಿತು ಗೊತ್ತೇ? ಟಪಾಲಿನವನು ದಿನಾ ಒಂದು ಕಟ್ಟು ತಂದು ಸುರಿದ. "ಮೊದಲು ಕಳಿಸಿದ್ದು ತಪ್ಪು, ಇದು ಸರಿ" ಎಂದು ಒಬ್ಬರ ಹಿಂದೆ ಒಬ್ಬರು ತಿದ್ದಿ ಕಳಿಸಿದ್ದರು. ನಮ್ಮ ಮೇಡಂ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಂಥದ್ದು ಕಂಡಿಲ್ಲವಂತೆ. ಗೋಡೆಗೆ ದೊಡ್ಡ ನಕ್ಷೆ ಅಂಟಿಸಿ, ಮರಿ ಸತ್ತ ಕಡೆಗೆಲ್ಲ ಕೆಂಪು ಬಣ್ಣ ಹಚ್ಚಿದೆವು. ಸಂಜೆ ದೂರ ನಿಂತು ನೋಡಿದರೆ, ಗುಡ್ಡದ ತಲೆಯಿಂದ ನದಿ ಇಳಿಯುವ ಜಾಗದವರೆಗೆ ಒಂದೇ ಕೆಂಪು ಪಟ್ಟಿ. ಅಲ್ಲಿ ನಿನ್ನ ಟಗರೂ ಇದೆ, ನದಿಯಾಚೆಯ ಟಗರೂ ಇದೆ, ಹೋತಗಳೂ ಇವೆ. ಪಶುವೈದ್ಯರು ಮಹಡಿಯ ಆ ತುದಿಯಿಂದ ಓಡಿಬಂದು ನಕ್ಷೆಯ ಮೇಲೆ ಕೈಯಿಟ್ಟು, "ಇದು ತಳಿ ಅಲ್ಲ, ನೆಲ" ಎಂದರು.

ಲ್ಯಾಬಿನವರು ಕುರಿಗಳ ರಕ್ತ, ಹುಲ್ಲು, ಮಣ್ಣು ಎಲ್ಲ ಒಯ್ದರಲ್ಲ, ಅವರ ಉತ್ತರವೂ ಬಂದಿದೆ. ಆ ನೆಲದಲ್ಲಿ ಅಯೋಡಿನ್ ಇಲ್ಲ. ಮಳೆ ವರ್ಷವರ್ಷವೂ ತೊಳೆದುಕೊಂಡು ಹೋಗಿ, ಈ ಎರಡು ವರ್ಷದಲ್ಲಿ ತಳ ಕಂಡಿದೆ. ಹುಲ್ಲಿನಲ್ಲಿ ಇಲ್ಲದ್ದು ಗಬ್ಬದ ಕುರಿಗೆ ಎಲ್ಲಿಂದ ಬರಬೇಕು, ಹೊಟ್ಟೆಯ ಮರಿಗೆ ಎಲ್ಲಿಂದ ಹೋಗಬೇಕು? ಗಂಟಲ ಗಂಟು ಅದರದ್ದೇ. ಅಪ್ಪ ಬೆಳೆಸಿದ ತಳಿಯಲ್ಲಿ ದೋಷವಿಲ್ಲ. ಈ ಮಾತನ್ನು ಅತ್ತಿಗೆ ಇನ್ನೊಮ್ಮೆ ಓದಲಿ.

ಮದ್ದು ಕೈಗೆಟಕುವಂಥದ್ದೇ. ಅಯೋಡಿನ್ ಬೆರೆಸಿದ ಉಪ್ಪಿನ ಇಟ್ಟಿಗೆ. ದೊಡ್ಡಿಯಲ್ಲಿ ತೂಗುಹಾಕಿದರೆ ಕುರಿಗಳೇ ನೆಕ್ಕಿಕೊಳ್ಳುತ್ತವೆ. ಗುಡ್ಡಸಾಲಿನ ಪ್ರತಿ ಸೊಸೈಟಿಗೂ ಈ ತಿಂಗಳೇ ಬರುತ್ತದೆ. ಎಷ್ಟು ಇಟ್ಟಿಗೆ ಬೇಕು ಎಂದು ಮೇಲಿನವರು ಕೇಳಿದಾಗ ಮೇಡಂ ಯೋಚಿಸಲೇ ಇಲ್ಲ, ನೀವೆಲ್ಲ ಬರೆದುಕೊಟ್ಟ ಲೆಕ್ಕವನ್ನೇ ಮುಂದಿಟ್ಟರು. ಈ ಸಲ ಯಾರ ಪಾಲಿಗೂ ಕಡಿಮೆ ಬೀಳುವುದಿಲ್ಲ.

ನಿಮ್ಮ ಕಡೆಯಿಂದ ಮೊದಲು ನಿಜ ಬರೆದವರು ಯಾರು ಎಂದು ಮೇಡಂಗೆ ಹಾಳೆಯಿಂದ ಗೊತ್ತಿರಬಹುದು. ಅವರು ಹೇಳುವುದಿಲ್ಲ. ನನಗೆ ಬೇರೆ ದಾರಿಯಿಂದ ಗೊತ್ತು. ನಾನೂ ಹೇಳಲಿಲ್ಲ. ಆದರೆ ಇವತ್ತು ಮಧ್ಯಾಹ್ನ ಆ ನಕ್ಷೆಯ ಮುಂದೆ ನಿಂತಿದ್ದಾಗ, ಆ ಕೆಂಪು ಪಟ್ಟಿಯ ನಟ್ಟನಡುವೆ ನನ್ನ ಕಣ್ಣು ತಾನಾಗಿ ಹೋಗಿ ನಿಂತಿತು. ಇಡೀ ಕಚೇರಿಯಲ್ಲಿ ನನ್ನಷ್ಟು ತಲೆ ಎತ್ತಿ ನಿಂತವರು ಯಾರೂ ಇರಲಿಲ್ಲ.

ನಿನ್ನ ತಂಗಿ


ಮಾರ್ಚ್ ೧೮

ಚೂಟಿಗೆ ಅಣ್ಣನ ಆಶೀರ್ವಾದಗಳು.

ಬರೆಯಲು ಪುರುಸೊತ್ತಿಲ್ಲ. ದೊಡ್ಡಿಯಲ್ಲೇ ಮೇವಿನ ಮೂಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಳಗಿನ ಬಿಸಿಲು ಒಳಗೆ ಬಂದಿದೆ. ಅಕ್ಷರ ಸೊಟ್ಟಗಿದ್ದರೆ ಮರಿಯೊಂದು ನನ್ನ ಮೊಣಕೈ ಚೀಪುತ್ತಿದೆ ಎಂದು ತಿಳಿ.

ಈ ವಾರದಿಂದ ಕುರಿಗಳು ಈಯಲು ಶುರುಮಾಡಿವೆ. ಮೊದಲನೆಯ ಮರಿ ನೆಲಕ್ಕೆ ಬಿದ್ದಾಗ ನಾನು ಅದರ ಮುಖ ನೋಡಲಿಲ್ಲ, ಗಂಟಲು ತಡವಿದೆ. ನುಣುಪಾಗಿತ್ತು. ಮತ್ತೆ ತಡವಿದೆ. ನಿನ್ನತ್ತಿಗೆ, "ಅದನ್ನ ಬಿಡಿ, ಹಾಲು ಕುಡೀಲಿ, ಉಸಿರು ಕಟ್ಟಿಸ್ತೀರಾ?" ಎಂದು ಬೈದಳು. ಮೈತುಂಬ ತುಪ್ಪಟ, ಒದ್ದೆ ಸುರುಳಿ ಸುರುಳಿ. ಒಂದೆರಡು ಹೋದವು, ಇಲ್ಲ ಎನ್ನುವುದಿಲ್ಲ. ಒಂದು ಅಡ್ಡ ಬಂದಿತ್ತು, ಇನ್ನೊಂದು ತಾಯಿಯ ಕಾಲಿಗೆ ಸಿಕ್ಕಿತು. ಅದು ಎಲ್ಲ ವರ್ಷವೂ ಇದ್ದದ್ದೇ. ಗಂಟಿನಿಂದ ಹೋದದ್ದು ಒಂದೂ ಇಲ್ಲ.

ಮೀಸೆ ಮೊನ್ನೆ ಬೆಳಬೆಳಿಗ್ಗೆ ಬಂದು ಬಾಗಿಲು ಬಡಿದ. ಏನು ಅನಾಹುತವೋ ಎಂದು ಓಡಿದರೆ, "ಬಾರಯ್ಯ, ನಮ್ಮನೆ ಮರಿ ನೋಡು ಬಾ" ಎಂದ. ಹೋದೆ. ಅವನ ದೊಡ್ಡಿಯ ತುಂಬ ಜಿಗಿದಾಟ. ಇಬ್ಬರೂ ಬೇಲಿಗೆ ಒರಗಿ ನಿಂತು ನೋಡಿದೆವು, ಜಗಳವಾಡುವುದನ್ನೇ ಮರೆತುಬಿಟ್ಟೆವು. ಹೋದ ತಿಂಗಳು ಎರಡು ಟಗರು ಕೊಂಡುಹೋದ. ಚೌಕಾಸಿ ಮಾಡಲಿಲ್ಲ. ಅವನಿಗೆ ಹುಷಾರಿಲ್ಲವೇನೋ ಎಂದು ನನಗೆ ಸಂಶಯ.

ಈ ವರ್ಷ ಚೀಟಿಯಲ್ಲಿ ನನ್ನ ದೊಡ್ಡಿ ಬಂದಿಲ್ಲವಂತೆ. ನನಗೆ ಸ್ವಲ್ಪ ಅವಮಾನವೇ ಆಯಿತು. ಹಾಳೆ ಬಂದವರು ಬರೆಯುವುದಕ್ಕೆ ನನ್ನ ಹತ್ತಿರ ಬರುತ್ತಾರೆ, ನಿನ್ನ ಅಣ್ಣ ಎಂದು. ಈ ಕಡೆ ಈಗ ನನ್ನ ಹೆಸರೇ ಅದು. ಅಪ್ಪನ ಮಗ ಎನ್ನಿಸಿಕೊಂಡು ಅರ್ಧ ಆಯಸ್ಸು ಕಳೆದೆ, ಉಳಿದರ್ಧ ನಿನ್ನ ಅಣ್ಣ ಎನ್ನಿಸಿಕೊಂಡು ಕಳೆಯುತ್ತೇನೆ. ನನಗೇನೂ ಅಭ್ಯಂತರವಿಲ್ಲ.

ಒಂದು ಮಾತು. ಇನ್ನೂ ಅರ್ಧಕ್ಕರ್ಧ ಕುರಿಗಳು ಈಯಬೇಕು. ಹೆಚ್ಚಿನವಕ್ಕೆ ಅವಳಿ ಎಂದು ಹೊಟ್ಟೆ ನೋಡಿದರೇ ತಿಳಿಯುತ್ತದೆ. ನಮ್ಮಿಬ್ಬರಿಗೆ ಕೈ ಸಾಲದು. ರಜೆ ಕೇಳು. ನಿನ್ನ ಮಂಚಕ್ಕೆ ಹೊಸ ಹಾಸಿಗೆ

(ನಿಮ್ಮಣ್ಣ ಬರೆಯುವುದನ್ನು ಅರ್ಧಕ್ಕೇ ಬಿಟ್ಟು ಓಡಿದರು. ಮೂಲೆಯ ಕಪ್ಪು ಕುರಿ ಈಯಲು ಮಲಗಿತು. ಉಳಿದದ್ದನ್ನು ಅತ್ತಿಗೆ ಬರೆಯುತ್ತಿದ್ದೇನೆ. ಎರಡು ವರ್ಷವೂ ಸತ್ತ ಮರಿಯನ್ನೇ ನೆಕ್ಕಿದ ಕುರಿ ಅದು, ಈ ಸಲ ನಾವು ಅದರ ಆಸೆ ಬಿಟ್ಟಿದ್ದೆವು.

ಎರಡು ಹಾಕಿತು, ಚೂಟಿ. ಒಂದು ಹೆಣ್ಣು, ಒಂದು ಗಂಡು. ಗಂಡು ಎದ್ದು ನಿಂತು ಬಿತ್ತು, ಮತ್ತೆ ಎದ್ದು ನಿಂತಿತು. ಹೆಣ್ಣು ಒಂದೇ ಸಲಕ್ಕೆ ನಿಂತಿತು. ನಿಮ್ಮಣ್ಣ ಹುಲ್ಲಿನ ಮೇಲೆ ಕೂತು ಅಳುತ್ತಿದ್ದಾರೆ. ಯಾಕೆ ಎಂದರೆ ಕಣ್ಣಿಗೆ ಧೂಳು ಬಿತ್ತಂತೆ.

ಬೇಗ ಬಾ. ಮರಿಗಳು ಕಾಯುವುದಿಲ್ಲ.)